ಇಂಜೆಕ್ಟರ್ ಸೋರುತ್ತಿದೆಯೇ? ಬಿಚ್ಚುವ ಮೊದಲು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷಗಳ ಹಿಂದೆ ನನ್ನ ಹಳೇ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಒಂದು ಚಟ ಹಚ್ಚಿಕೊಂಡಿತ್ತು. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತಿತ್ತು. ದಾರಿಯಲ್ಲಿ ನಿಲ್ಲಿಸಿ ಕಾಫಿ ಕುಡಿದು ಬಂದರೆ ಮಾತ್ರ ಹತ್ತು ಸಲ ಹೊಡೆದರೂ ಏಳುತ್ತಿರಲಿಲ್ಲ. ಗ್ಯಾರೇಜಿನವರು ಮೊದಲು ಬ್ಯಾಟರಿ ಬದಲಿಸಿದರು, ಆಮೇಲೆ ಪ್ಲಗ್, ಆಮೇಲೆ ಫ್ಯುಯಲ್ ಪಂಪ್. ಕೊನೆಗೆ ಹಾಸನದಲ್ಲಿ ಒಬ್ಬ ವಯಸ್ಸಾದ ಮೇಸ್ತ್ರಿ ಡಿಪ್‌ಸ್ಟಿಕ್ ಎಳೆದು, ಮೂಗಿಗೆ ಹಿಡಿದು, "ಆಯಿಲ್‌ನಲ್ಲಿ ಪೆಟ್ರೋಲ್ ಇದೆಯಲ್ಲ ಸ್ವಾಮಿ" ಎಂದರು. ಅರ್ಧ ನಿಮಿಷದ ಕೆಲಸ. ಮೂರನೇ ಸಿಲಿಂಡರಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಸೋರುತ್ತಿತ್ತು. ಆ ಹೊಟ್ಟೆಯುರಿಯ ನಂತರ ಕಲಿತದ್ದು, ನೆಂಟರಿಷ್ಟರು ಫೋನ್ ಮಾಡಿದಾಗಲೆಲ್ಲ ಹೇಳಿ ಹೇಳಿ ಬಾಯಿಪಾಠವಾದದ್ದು ಇಲ್ಲಿದೆ.

ಇಂಜೆಕ್ಟರ್ ಲೀಕ್ ಅಂದರೆ ಎಲ್ಲಿಂದ ಸೋರುವುದು?

ಎರಡು ಜಾಗ. ಒಂದು ಹೊರಗಡೆ. ಇಂಜೆಕ್ಟರಿನ ತಲೆ ಫ್ಯುಯಲ್ ರೇಲ್‌ಗೆ, ಅಂದರೆ ಎಲ್ಲ ಇಂಜೆಕ್ಟರಿಗೂ ಪೆಟ್ರೋಲ್ ಹಂಚುವ ಕೊಳವೆಗೆ, ಸೇರುವಲ್ಲಿ ಒಂದು ಒರಿಂಗ್ (ರಬ್ಬರ್ ಉಂಗುರ) ಇರುತ್ತದೆ. ಅದು ಒಣಗಿ ಬಿರಿದರೆ ಪೆಟ್ರೋಲ್ ಎಂಜಿನ್ ಮೇಲೆಯೇ ಜಿನುಗುತ್ತದೆ. ಇದು ಕಣ್ಣಿಗೆ ಕಾಣುತ್ತದೆ, ಮೂಗಿಗೆ ಬಡಿಯುತ್ತದೆ, ಬೆಂಕಿಯ ಅಪಾಯವೂ ಇದರಲ್ಲೇ ಹೆಚ್ಚು.

ಇನ್ನೊಂದು ಒಳಗಡೆ. ಇಂಜೆಕ್ಟರ್ ಅಂದರೆ ಕಾಯಿಲ್‌ಗೆ ಕರೆಂಟ್ ಬಂದಾಗ ತೆರೆದು, ಹೋದಾಗ ಸ್ಪ್ರಿಂಗ್ ಬಲದಿಂದ ಮುಚ್ಚಿಕೊಳ್ಳುವ ಪುಟ್ಟ ನಲ್ಲಿ. ತುದಿಯಲ್ಲಿರುವ ಸೂಜಿ ಅಥವಾ ಗುಂಡು ತನ್ನ ಸೀಟಿನ ಮೇಲೆ ಸರಿಯಾಗಿ ಕೂರದಿದ್ದರೆ ಮುಚ್ಚಿದ ಮೇಲೂ ತೊಟ್ಟಿಕ್ಕುತ್ತದೆ. ಕಸ, ಅಂಟು, ಸವೆತ, ಮುರಿದ ಸ್ಪ್ರಿಂಗ್, ಕಾರಣ ಯಾವುದೂ ಆಗಬಹುದು. ಇದು ಹೊರಗೆ ಕಾಣುವುದಿಲ್ಲ. ಜನ ಮೂರು ಗ್ಯಾರೇಜ್ ಸುತ್ತುವುದು ಇದರಿಂದಲೇ.

ಇಂಜೆಕ್ಟರಿನ ಕೆಳಗಿನ ಒರಿಂಗ್ ಕತೆ ಬೇರೆ. ಅದು ಪೆಟ್ರೋಲ್ ತಡೆಯುವುದಿಲ್ಲ, ಗಾಳಿ ತಡೆಯುತ್ತದೆ. ಅದು ಹೋದರೆ ಸಿಲಿಂಡರುಗಳಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್ ಒಳಗೆ ಲೆಕ್ಕಕ್ಕಿಲ್ಲದ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಎರಡನ್ನೂ "ಇಂಜೆಕ್ಟರ್ ಒರಿಂಗ್ ಲೀಕ್" ಎಂದೇ ಕರೆಯುವುದರಿಂದ ಗೊಂದಲವಾಗುತ್ತದೆ. ಲಕ್ಷಣಗಳು ಮಾತ್ರ ಒಂದಕ್ಕೊಂದು ಪೂರ್ತಿ ಉಲ್ಟಾ.

ಒಂದೆರಡು ಹನಿಗೆ ಇಷ್ಟೆಲ್ಲ ರಾದ್ಧಾಂತವೇ?

ಲೆಕ್ಕ ಹಾಕೋಣ. 1.2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಐಡ್ಲಿಂಗ್‌ನಲ್ಲಿ ಗಂಟೆಗೆ ಸುಮಾರು 0.7 ಲೀಟರ್ ಪೆಟ್ರೋಲ್ ಕುಡಿಯುತ್ತದೆ ಅಂದುಕೊಳ್ಳಿ. 800 ಆರ್‌ಪಿಎಂನಲ್ಲಿ ಪ್ರತಿ ಇಂಜೆಕ್ಟರ್ ನಿಮಿಷಕ್ಕೆ 400 ಸಲ ತೆರೆಯುತ್ತದೆ. ಭಾಗಿಸಿದರೆ ಒಂದು ಸಲಕ್ಕೆ ಬರುವುದು ಸುಮಾರು 0.007 ಮಿಲಿಲೀಟರ್. ಒಂದು ಹನಿ ಅಂದರೆ ಸುಮಾರು 0.05 ಮಿಲಿಲೀಟರ್. ಅಂದರೆ ಬೇಡದ ಒಂದು ಹನಿ ಏಳು ಹೊತ್ತಿನ ಊಟಕ್ಕೆ ಸಮ.

ಯಾವ ಲಕ್ಷಣ ಕಂಡರೆ ಅನುಮಾನ ಪಡಬೇಕು?

ಬಿಸಿ ಎಂಜಿನ್ ಸ್ಟಾರ್ಟ್ ಆಗಲು ಸತಾಯಿಸುವುದು. ಸ್ಟಾರ್ಟ್ ಆದ ಕೂಡಲೇ ಗಡಗಡ ನಡುಗಿ, ಸೈಲೆನ್ಸರಿನಿಂದ ಒಂದು ಮುದ್ದೆ ಕಪ್ಪು ಹೊಗೆ ಕಾರಿ, ಹತ್ತಿಪ್ಪತ್ತು ಸೆಕೆಂಡಿನಲ್ಲಿ ಏನೂ ಆಗದವರ ಹಾಗೆ ಸರಿಹೋಗುವುದು. ಮೈಲೇಜ್ ಇಳಿಯುವುದು. ನಿಲ್ಲಿಸಿದ ಮೇಲೆ ಬಾನೆಟ್ ಹತ್ತಿರ ಪೆಟ್ರೋಲ್ ವಾಸನೆ. ಎಂಜಿನ್ ಆಯಿಲ್ ಕಡಿಮೆಯಾಗುವ ಬದಲು ಹೆಚ್ಚಾಗುವುದು. ಚೆಕ್ ಎಂಜಿನ್ ಲೈಟ್ ಉರಿಯಲೂಬಹುದು, ಸುಮ್ಮನಿರಲೂಬಹುದು.

ಇವುಗಳಲ್ಲಿ ಯಾವುದೋ ಒಂದೇ ಇದ್ದರೆ ಇಂಜೆಕ್ಟರ್ ಮೇಲೆ ತಪ್ಪು ಹೊರಿಸಬೇಡಿ. ಮೈಲೇಜ್ ಇಳಿಯಲು ಟೈರಿನ ಗಾಳಿ ಕಡಿಮೆಯಾದರೂ ಸಾಕು. ಬಿಸಿ ಸ್ಟಾರ್ಟಿಂಗ್ ತಕರಾರಿನ ಜೊತೆಗೆ ಕಪ್ಪು ಹೊಗೆಯೂ ಇದ್ದರೆ ಮಾತ್ರ ನಾನು ಕಿವಿ ನೆಟ್ಟಗೆ ಮಾಡುತ್ತೇನೆ.

ಬೆಳಿಗ್ಗೆ ಸಲೀಸಾಗಿ ಸ್ಟಾರ್ಟ್ ಆಗುವ ಕಾರು, ಕಾಫಿ ಕುಡಿದು ಬರುವಷ್ಟರಲ್ಲಿ ಯಾಕೆ ಮುನಿಸಿಕೊಳ್ಳುತ್ತದೆ?

ಎಂಜಿನ್ ನಿಲ್ಲಿಸಿದರೂ ರೇಲ್ ಒಳಗೆ ಒತ್ತಡ ಉಳಿದಿರುತ್ತದೆ, ಮುಂದಿನ ಸಲ ಬೇಗ ಸ್ಟಾರ್ಟ್ ಆಗಲೆಂದು. ಇನ್‌ಟೇಕ್ ಪೋರ್ಟ್‌ಗೆ (ಸಿಲಿಂಡರಿಗೆ ಗಾಳಿ ಹೋಗುವ ದಾರಿಗೆ) ಸಿಂಪಡಿಸುವ ಸಾಮಾನ್ಯ ಎಂಪಿಎಫ್‌ಐ ಪೆಟ್ರೋಲ್ ಕಾರಿನಲ್ಲಿ ಇದು ಸುಮಾರು 3ರಿಂದ 4 ಬಾರ್. ಸೀಟು ಕೆಟ್ಟ ಇಂಜೆಕ್ಟರ್ ಈ ಒತ್ತಡವನ್ನು ತಡೆದು ಹಿಡಿಯಲಾರದು, ಹನಿಹನಿಯಾಗಿ ಇನ್‌ಟೇಕ್ ಪೋರ್ಟ್‌ಗೆ ಬಿಡುತ್ತದೆ. ಅಲ್ಲಿ ಲೋಹ ಇನ್ನೂ ಕಾದಿರುತ್ತದೆ, ಕೂಲೆಂಟ್ ಹರಿವು ನಿಂತಿರುತ್ತದೆ, ಶಾಖ ನಿಲ್ಲಿಸಿದ ಮೇಲೆ ಸ್ವಲ್ಪ ಏರುತ್ತದೆ ಕೂಡ. ಬಿದ್ದ ಪೆಟ್ರೋಲ್ ಆವಿಯಾಗಿ ಅಲ್ಲೇ ತುಂಬಿಕೊಳ್ಳುತ್ತದೆ. ಹದಿನೈದಿಪ್ಪತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಸಿಲಿಂಡರಿಗೆ ಹೋಗುವುದು ಅತಿಯಾಗಿ ಗಟ್ಟಿಯಾದ, ಅಂದರೆ ಪೆಟ್ರೋಲ್ ಹೆಚ್ಚಾದ ಮಿಶ್ರಣ. ಅದು ಹೊತ್ತಿಕೊಳ್ಳುವುದಿಲ್ಲ.

ರಾತ್ರಿಯಿಡೀ ನಿಂತರೆ ಆ ಆವಿಯ ಬಹುಪಾಲು ಚದುರಿಹೋಗಿರುತ್ತದೆ. ಜೊತೆಗೆ ತಣ್ಣಗಿನ ಎಂಜಿನ್‌ಗೆ ಹೇಗೂ ಹೆಚ್ಚು ಪೆಟ್ರೋಲ್ ಬೇಕು. ಅದಕ್ಕೇ ಬೆಳಿಗ್ಗೆ ತಕರಾರಿಲ್ಲ. ಸೋರುವ ಇಂಜೆಕ್ಟರ್ ಓಡುವಾಗ ಬಾಯಿ ಬಿಡುವುದು ಕಡಿಮೆ, ನಿಂತ ಮೇಲೆ ಬಿಡುತ್ತದೆ. ಹಾಗಾಗಿ ಕೆಳಗಿನ ಪರೀಕ್ಷೆಗಳಲ್ಲಿ ಹೆಚ್ಚಿನವು ಎಂಜಿನ್ ನಿಲ್ಲಿಸಿದ ಮೇಲಿನವು. ಗ್ಯಾರೇಜಿಗೆ ಕಾರು ಬಿಡುವಾಗ "ಬಿಸಿ ಮಾಡಿ, ಇಪ್ಪತ್ತು ನಿಮಿಷ ಬಿಟ್ಟು ನೋಡಿ" ಎಂದು ಹೇಳಿ. ಇಲ್ಲದಿದ್ದರೆ ಅವರು ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿ, "ಏನೂ ತೊಂದರೆ ಇಲ್ಲ ಸಾರ್" ಎಂದು ಕಳಿಸುತ್ತಾರೆ.

ಸಲಕರಣೆ ಇಲ್ಲದೆ ಮನೆಯಲ್ಲೇ ನೋಡಲು ಸಾಧ್ಯವೇ?

ಸಾಧ್ಯ. ಕಾರು ಮುನಿಸಿಕೊಂಡ ಆ ಹೊತ್ತಿನಲ್ಲೇ ಮಾಡಬೇಕು.

ಮೊದಲ ದಿನ ಹೀಗೆ: ಸೆಲ್ಫ್ ಹೊಡೆಯದೆ ಕೀ ಆನ್ ಮಾಡಿ ಎರಡು ಸೆಕೆಂಡ್ ಕಾಯಿರಿ, ಆಫ್ ಮಾಡಿ. ಮೂರು ಸಲ ಹೀಗೆ ಮಾಡಿ ಆಮೇಲೆ ಸ್ಟಾರ್ಟ್ ಮಾಡಿ. ಪ್ರತಿ ಸಲ ಪಂಪ್ ಒಂದೆರಡು ಸೆಕೆಂಡ್ ಓಡಿ ರೇಲ್ ಒತ್ತಡ ಏರಿಸುತ್ತದೆ. ಹೊಗೆಯಿಲ್ಲದೆ ಥಟ್ಟನೆ ಸ್ಟಾರ್ಟ್ ಆದರೆ ತೊಂದರೆ ಇರುವುದು ಒತ್ತಡ ಇಳಿದುಹೋಗುವುದರಲ್ಲಿ. ಆಗ ಮೊದಲ ಅನುಮಾನ, ಪೆಟ್ರೋಲ್ ವಾಪಸ್ ಹರಿಯದಂತೆ ತಡೆಯುವ, ಟ್ಯಾಂಕಿನ ಪಂಪ್‌ನಲ್ಲಿರುವ ಚೆಕ್ ವಾಲ್ವ್ ಮೇಲೆ.

ಮತ್ತೊಂದು ದಿನ ಹೀಗೆ: ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದು, ಆಕ್ಸಿಲರೇಟರ್ ಪೂರ್ತಿ ತುಳಿದು ಹಿಡಿದು ಸೆಲ್ಫ್ ಹೊಡೆಯಿರಿ. ಬಹುತೇಕ ಇಂಜೆಕ್ಷನ್ ಕಾರುಗಳಲ್ಲಿ ಹೀಗೆ ಮಾಡಿದರೆ ಎಂಜಿನ್ ನಡೆಸುವ ಕಂಪ್ಯೂಟರ್ (ಇಸಿಯು) ಪೆಟ್ರೋಲ್ ನಿಲ್ಲಿಸಿ ಬರೀ ಗಾಳಿ ಎಳೆಯಲು ಬಿಡುತ್ತದೆ. ಇದರಿಂದ ಎಂಜಿನ್ ಕೆಮ್ಮುತ್ತಾ ಎದ್ದು ಕಪ್ಪು ಹೊಗೆ ಉಗುಳಿದರೆ ಒಳಗೆ ಪೆಟ್ರೋಲ್ ತುಂಬಿಕೊಂಡಿತ್ತು ಎಂದರ್ಥ. ಇಂಜೆಕ್ಟರ್ ಮೇಲಿನ ಅನುಮಾನ ಗಟ್ಟಿಯಾಯಿತು. ಎದ್ದ ಕೂಡಲೇ ಕಾಲು ತೆಗೆಯಿರಿ, ಇಲ್ಲದಿದ್ದರೆ ಬೀದಿಯವರೆಲ್ಲ ತಿರುಗಿ ನೋಡುತ್ತಾರೆ.

ಒಂದೇ ದಿನ ಎರಡನ್ನೂ ಮಾಡಿದರೆ ಯಾವುದರಿಂದ ಎದ್ದಿತು ಎಂಬುದು ಗೊತ್ತಾಗುವುದಿಲ್ಲ. ಮೂರನೆಯದು ಹಾಸನದ ಮೇಸ್ತ್ರಿಯ ವಿದ್ಯೆ, ಡಿಪ್‌ಸ್ಟಿಕ್ ಮೂಸುವುದು.

ಪ್ಲಗ್ ಬಿಚ್ಚಿ ನೋಡಿದರೆ ತಿಳಿಯುತ್ತದೆಯೇ?

ಪ್ಲಗ್ ನೋಡದೆ ಇಂಜೆಕ್ಟರಿಗೆ ಕೈ ಹಾಕುವವರನ್ನು ನಾನು ನಂಬುವುದಿಲ್ಲ. ನಾಲ್ಕನ್ನೂ ಬಿಚ್ಚಿ ಸಿಲಿಂಡರ್ ಕ್ರಮದಲ್ಲೇ ಪೇಪರ್ ಮೇಲೆ ಸಾಲಾಗಿ ಇಡಿ. ಮೂರು ತಿಳಿ ಕಂದು, ಒಂದು ಮಾತ್ರ ಒಲೆಯ ಮಸಿಯಂತೆ ಕಪ್ಪಾಗಿದ್ದರೆ ಅಥವಾ ಒದ್ದೆಯಾಗಿದ್ದರೆ ಆ ಸಿಲಿಂಡರಿನಲ್ಲಿ ಏನೋ ಇದೆ. ನಾಲ್ಕೂ ಒಂದೇ ಸಮ ಕಪ್ಪಾಗಿದ್ದರೆ ಒಂದು ಇಂಜೆಕ್ಟರ್ ಅಷ್ಟು ಮಾಡಲಾರದು. ಕೂಲೆಂಟ್ ಟೆಂಪರೇಚರ್ ಸೆನ್ಸರ್, ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್, ರೇಲ್ ಒತ್ತಡ ಹದದಲ್ಲಿಡುವ ಪ್ರೆಶರ್ ರೆಗ್ಯುಲೇಟರ್ ಕಡೆ ತಿರುಗಿ.

ಒಂದೇ ಪ್ಲಗ್ ಕಪ್ಪಾಗಲು ಪ್ಲಗ್‌ಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ (ಇಂಜೆಕ್ಟರ್ ಒಳಗಿನದ್ದಲ್ಲ) ಕೆಟ್ಟು ಕಿಡಿ ಬಾರದಿರುವುದೂ ಕಾರಣವಿರಬಹುದು. ಆ ಕಾಯಿಲ್ ಅನ್ನು ಪಕ್ಕದ ಸಿಲಿಂಡರಿಗೆ ಹಾಕಿ. ತೊಂದರೆ ಕಾಯಿಲ್ ಹಿಂದೆ ಹೋದರೆ ಇಂಜೆಕ್ಟರ್ ನಿರ್ದೋಷಿ. ಎಂಡೋಸ್ಕೋಪ್ ಕ್ಯಾಮೆರಾ ಇರುವ ಗ್ಯಾರೇಜ್ ಆದರೆ, ಬಿಸಿ ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ ಪ್ಲಗ್ ತೂತಿನಿಂದ ಇಳಿಸಿ ಪಿಸ್ಟನ್ ತಲೆ ನೋಡಲು ಹೇಳಿ. ಮೂರು ಒಣಗಿ ಒಂದು ಒದ್ದೆ ಇದ್ದರೆ ಬೇರೆ ಪುರಾವೆ ಬೇಕಿಲ್ಲ.

ಸ್ಕ್ಯಾನರ್ ಹಾಕಿದರೆ "ಇಂಜೆಕ್ಟರ್ ಲೀಕ್" ಎಂದು ತೋರಿಸುತ್ತದೆಯೇ?

ಹಾಗೆ ಹೇಳುವ ಕೋಡ್ ಇಲ್ಲ. ಬರುವುದು ಪಿ0172, ಅಂದರೆ ಮಿಶ್ರಣ ಗಟ್ಟಿಯಾಗಿದೆ. ಜೊತೆಗೆ ಪಿ0301ರಿಂದ ಪಿ0304ರ ತನಕ ಯಾವ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಎಂಬ ಸುಳಿವು. ಪಿ0201, ಪಿ0202 ಬಂದರೆ ಅದು ಇಂಜೆಕ್ಟರಿನ ವೈರಿಂಗ್ ಅಥವಾ ಕಾಯಿಲ್ ದೂರು, ಸೋರಿಕೆಯದ್ದಲ್ಲ. ಹೆಸರಿನಲ್ಲಿ ಇಂಜೆಕ್ಟರ್ ಇದೆ ಎಂದ ಮಾತ್ರಕ್ಕೆ ಇಂಜೆಕ್ಟರ್ ಬದಲಿಸಿಬಿಡುವವರಿದ್ದಾರೆ.

ಕೋಡ್‌ಗಿಂತ ಉಪಯೋಗಕ್ಕೆ ಬರುವುದು ಫ್ಯುಯಲ್ ಟ್ರಿಮ್. ಆಕ್ಸಿಜನ್ ಸೆನ್ಸರ್ ಹೇಳಿದ್ದನ್ನು ಕೇಳಿಕೊಂಡು ಇಸಿಯು ಪೆಟ್ರೋಲ್ ಎಷ್ಟು ಶೇಕಡಾ ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ ಅದು. ಸ್ಟಿಯರಿಂಗ್ ಕೆಳಗಿನ ಒಬಿಡಿ ಸಾಕೆಟ್‌ಗೆ ಸಿಕ್ಕಿಸುವ ಅಗ್ಗದ ಬ್ಲೂಟೂತ್ ಡಾಂಗಲ್ ಮತ್ತು ಮೊಬೈಲ್ ಆಪ್ ಸಾಕು. ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಎರಡನ್ನೂ ಕೂಡಿಸಿ ನೋಡಬೇಕು. ಸೊನ್ನೆಯಿಂದ ಆಚೀಚೆ ಐದಾರು ಇದ್ದರೆ ಆರೋಗ್ಯವಾಗಿದೆ.

ಸೋರುವ ಇಂಜೆಕ್ಟರಿಗೆ ಒಂದು ಗುರುತಿದೆ. ಐಡ್ಲಿಂಗ್‌ನಲ್ಲಿ ಟ್ರಿಮ್ ಮೈನಸ್ 15, ಮೈನಸ್ 20 ಎಂದು ಕೆಳಗೆ ಹೋಗಿರುತ್ತದೆ. ಅದೇ ಎಂಜಿನ್ ಅನ್ನು 2500 ಆರ್‌ಪಿಎಂಗೆ ಏರಿಸಿ ಹಿಡಿದರೆ ಸೊನ್ನೆಯ ಹತ್ತಿರಕ್ಕೆ ಬರುತ್ತದೆ. ಸೋರುವ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಎಂಜಿನ್ ಕುಡಿಯುವುದು ಕಡಿಮೆ ಇರುವಾಗ ಅದು ದೊಡ್ಡ ಪಾಲು, ಹೆಚ್ಚಿರುವಾಗ ಚಿಕ್ಕ ಪಾಲು. ಎಲ್ಲ ವೇಗದಲ್ಲೂ ಒಂದೇ ಸಮ ಮೈನಸ್ ಇದ್ದರೆ ರೇಲ್ ಒತ್ತಡವೇ ಹೆಚ್ಚಿದೆಯೇ ನೋಡಿ. ಪ್ಲಸ್ ಕಡೆ ಏರಿದ್ದರೆ ಆಗಲೇ ಹೇಳಿದ ಕೆಳಗಿನ ಒರಿಂಗ್ ನೆನಪಿಸಿಕೊಳ್ಳಿ.

ಮಲ್ಟಿಮೀಟರ್ ಇಟ್ಟು 12 ಓಮ್ಸ್ ಇದೆ, ಇಂಜೆಕ್ಟರ್ ಸರಿಯಿದೆ ಎಂದರು. ನಂಬಬಹುದೇ?

ಕಾಯಿಲ್ ಸರಿಯಿದೆ, ಅಷ್ಟನ್ನೇ ನಂಬಿ. ಎಂಪಿಎಫ್‌ಐ ಇಂಜೆಕ್ಟರುಗಳಲ್ಲಿ ಸಾಮಾನ್ಯವಾಗಿ 12ರಿಂದ 16 ಓಮ್ಸ್ ಇರುತ್ತದೆ. ಮೋಟಾರಿನ ವೈಂಡಿಂಗ್ ಸರಿಯಿದ್ದ ಮಾತ್ರಕ್ಕೆ ನಲ್ಲಿ ಸೋರುವುದಿಲ್ಲ ಎಂದು ಯಾರಾದರೂ ಹೇಳುತ್ತಾರೆಯೇ?

ಪ್ರೆಶರ್ ಗೇಜ್ ಪರೀಕ್ಷೆ ಹೇಗೆ?

ರೇಲ್‌ಗೆ ಹೋಗುವ ಪೈಪ್‌ನಲ್ಲಿ ಗೇಜ್ ಕೂರಿಸುತ್ತಾರೆ. ನಮ್ಮಲ್ಲಿ ಓಡಾಡುವ ಹಲವು ಚಿಕ್ಕ ಕಾರುಗಳಲ್ಲಿ ಅದಕ್ಕೆಂದೇ ಮಾಡಿದ ಪೋರ್ಟ್ ಇಲ್ಲ, ಟಿ ಜಾಯಿಂಟ್ ಹಾಕಬೇಕು. ಬಿಚ್ಚುವ ಮೊದಲು ಪಂಪಿನ ಫ್ಯೂಸ್ ಅಥವಾ ರಿಲೇ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಬೇಕು. ಗೇಜ್ ಕೂರಿಸಿದ ಮೇಲೆ ಫ್ಯೂಸ್ ವಾಪಸ್ ಹಾಕಿ, ಎಂಜಿನ್ ಬಿಸಿ ಮಾಡಿ, ನಿಲ್ಲಿಸಿ ಮುಳ್ಳು ನೋಡುತ್ತಾ ಕೂರುವುದು.

ಹತ್ತು ನಿಮಿಷದಲ್ಲಿ ಮುಳ್ಳು ಅಲ್ಪ ಸ್ವಲ್ಪ ಇಳಿದರೆ ಚಿಂತೆಯಿಲ್ಲ. ಒಂದೆರಡು ನಿಮಿಷದಲ್ಲಿ ಸೊನ್ನೆಯತ್ತ ಜಾರಿದರೆ ಎಲ್ಲೋ ಸೋರುತ್ತಿದೆ. ಎಲ್ಲಿ ಎಂಬುದನ್ನು ಬೇರ್ಪಡಿಸಲು, ಮತ್ತೆ ಒತ್ತಡ ಏರಿಸಿ, ಗೇಜ್‌ಗಿಂತ ಹಿಂದೆ, ಟ್ಯಾಂಕ್ ಕಡೆಯ ದಾರಿಯನ್ನು ಮುಚ್ಚಬೇಕು. ಮುಚ್ಚಿದ ಮೇಲೆ ಮುಳ್ಳು ನಿಂತರೆ ಸೋರಿಕೆ ಪಂಪ್ ಕಡೆ, ಚೆಕ್ ವಾಲ್ವ್ ಅಥವಾ ಟ್ಯಾಂಕ್ ಒಳಗಿನ ರೆಗ್ಯುಲೇಟರ್. ಮುಚ್ಚಿದರೂ ಇಳಿಯುತ್ತಲೇ ಇದ್ದರೆ ಇಂಜೆಕ್ಟರ್. ಹಳೇ ಕಾರುಗಳಲ್ಲಿ ರೇಲ್ ಮೇಲೆಯೇ ರೆಗ್ಯುಲೇಟರ್ ಇದ್ದು ರಿಟರ್ನ್ ಪೈಪ್ ಇದ್ದರೆ ಅದನ್ನೂ ಮುಚ್ಚಿ ನೋಡಬೇಕು. ಆ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಎಳೆದಾಗ ಒಳಗೆ ಪೆಟ್ರೋಲ್ ಪಸೆ ಕಂಡರೆ ಅದರ ಡಯಾಫ್ರಮ್ ಹರಿದಿದೆ, ಇಂಜೆಕ್ಟರಿಗೆ ಕೈ ಹಚ್ಚುವುದೇ ಬೇಡ.

ಕಟಿಂಗ್ ಪ್ಲೇಯರ್‌ನಿಂದ ಪೈಪ್ ಹಿಸುಕುವ ಅಭ್ಯಾಸ ಕೆಲವರಿಗಿದೆ. ರಬ್ಬರ್ ಪೈಪ್ ಆದರೂ ಅದಕ್ಕೆಂದೇ ಇರುವ ಕ್ಲ್ಯಾಂಪ್ ಬಳಸಬೇಕು. ಗಟ್ಟಿ ನೈಲಾನ್ ಪೈಪ್ ಆದರೆ ಹಿಸುಕಲೇಬಾರದು, ಬಿರುಕು ಬಿಡುತ್ತದೆ. ಇಲ್ಲದ ಲೀಕ್ ಹುಡುಕಲು ಹೋಗಿ ಇರುವ ಲೀಕ್ ಮಾಡಿಕೊಂಡಂತೆ.

ನಾಲ್ಕರಲ್ಲಿ ಯಾವುದು ಎಂದು ಕಣ್ಣಾರೆ ನೋಡಬಹುದೇ?

ಎಂಪಿಎಫ್‌ಐ ಪೆಟ್ರೋಲ್ ಕಾರಿನಲ್ಲಿ ನೋಡಬಹುದು. ಇಂಜೆಕ್ಟರುಗಳನ್ನು ರೇಲ್‌ನಿಂದ ಕೀಳದೆ ರೇಲ್ ಸಮೇತ ಮೇಲೆತ್ತಿ, ಪೈಪ್ ಸಿಕ್ಕಿಸಿಯೇ ಇಟ್ಟು, ಒತ್ತಡಕ್ಕೆ ಹಾರಿಹೋಗದಂತೆ ಕ್ಲಿಪ್ ಅಥವಾ ತಂತಿಯಿಂದ ಬಿಗಿದು, ಪ್ರತಿಯೊಂದರ ಕೆಳಗೆ ಬಿಳಿ ಕಾಗದ ಇಡುತ್ತಾರೆ. ಇಂಜೆಕ್ಟರ್ ಮತ್ತು ಇಗ್ನಿಷನ್ ಕಾಯಿಲ್ ಕನೆಕ್ಟರುಗಳು ಕಳಚಿರಬೇಕು. ಕೀ ಆನ್ ಮಾಡಿ ಪಂಪ್ ಓಡಿಸಿ, ಆಫ್ ಮಾಡಿ, ತುದಿಗಳನ್ನು ನೋಡುತ್ತಿರಬೇಕು. ನಿಮಿಷಕ್ಕೆ ಒಂದು ಹನಿಗಿಂತ ಕಡಿಮೆ ಇರಬೇಕೆಂಬ ಮಿತಿ ವರ್ಕ್‌ಶಾಪ್ ಕೈಪಿಡಿಗಳಲ್ಲಿ ಕಾಣಸಿಗುತ್ತದೆ, ಕೆಲವು ತಯಾರಕರದ್ದು ಇನ್ನೂ ಬಿಗಿ. ತುದಿ ಬರೀ ಒದ್ದೆಯಾಗಿ ಹನಿ ಬೀಳದಿದ್ದರೆ ಅದನ್ನು ಅಪರಾಧಿ ಎನ್ನಲಾಗದು.

ಇದನ್ನು ಮನೆಯಂಗಳದಲ್ಲಿ ಮೊದಲ ಸಲ ಪ್ರಯತ್ನಿಸಬೇಡಿ. ಪೆಟ್ರೋಲ್ ಆವಿ ಸೊನ್ನೆಗಿಂತ ಎಷ್ಟೋ ಕೆಳಗಿನ ಉಷ್ಣತೆಯಲ್ಲೂ ಹೊತ್ತಿಕೊಳ್ಳಬಲ್ಲದು, ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಡಿ ದೂರದ ಕಿಡಿಯನ್ನೂ ತಲುಪುತ್ತದೆ. ಬಯಲು ಜಾಗ, ತಣ್ಣಗಾದ ಎಂಜಿನ್, ಕೈಗೆಟಕುವಲ್ಲಿ ಪೌಡರ್ ಅಗ್ನಿಶಾಮಕ. ಹತ್ತಿರದಲ್ಲಿ ಬೀಡಿ ಸೇದುವವರಿದ್ದರೆ ಮೊದಲು ಅವರನ್ನು ಎಬ್ಬಿಸಿ ಕಳಿಸಿ.

ಇಂಜೆಕ್ಟರ್ ವೇಷ ಹಾಕಿಕೊಂಡು ಬರುವ ಬೇರೆ ತೊಂದರೆಗಳು ಯಾವುವು?

ಚೆಕ್ ವಾಲ್ವ್, ರೆಗ್ಯುಲೇಟರ್, ಟೆಂಪರೇಚರ್ ಸೆನ್ಸರ್ ಆಯಿತು. ಬಹಳ ಜನರಿಗೆ ಗೊತ್ತಿಲ್ಲದ್ದು ಪರ್ಜ್ ವಾಲ್ವ್. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಇದ್ದಿಲಿನ ಡಬ್ಬಿಯಲ್ಲಿ ಹಿಡಿದು, ಹೊತ್ತು ನೋಡಿ ಎಂಜಿನ್‌ಗೆ ಉಣಿಸುವ ಪುಟ್ಟ ವಾಲ್ವ್ ಇದು. ತೆರೆದೇ ಸಿಕ್ಕಿಕೊಂಡರೆ ಬೇಡದ ಹೊತ್ತಿನಲ್ಲಿ ಆವಿ ನುಗ್ಗುತ್ತದೆ. ಗುರುತು ಸುಲಭ: ಬಂಕ್‌ನಲ್ಲಿ ಟ್ಯಾಂಕ್ ತುಂಬಿಸಿದ ಕೂಡಲೇ ಸ್ಟಾರ್ಟ್ ಆಗಲು ಹಟ ಮಾಡುತ್ತದೆ, ಬೇರೆ ಹೊತ್ತಿನಲ್ಲಿ ಅಷ್ಟಿಲ್ಲ. ಇದ್ದಿಲಿನ ಡಬ್ಬಿ ಕಡೆಯಿಂದ ಬರುವ ಪೈಪ್ ಕಳಚಿ, ಐಡ್ಲಿಂಗ್‌ನಲ್ಲಿ ವಾಲ್ವ್ ಬಾಯಿಗೆ ಬೆರಳಿಟ್ಟಾಗ ಬಿಡದೆ ಎಳೆಯುತ್ತಿದ್ದರೆ ಅದೇ ಕಳ್ಳ. ಬಂಕ್ ಪಕ್ಕದ ಟೀ ಅಂಗಡಿಯಲ್ಲಿ ನಿಲ್ಲಿಸುವ ಅಭ್ಯಾಸವಿದ್ದರೆ ಟೀ ಮೇಲೋ ಪೆಟ್ರೋಲ್ ಮೇಲೋ ಅನುಮಾನ ಪಡುವುದು ಎಂದು ಗೊಂದಲವಾಗುತ್ತದೆ, ಎರಡನ್ನೂ ಬೇರೆ ಬೇರೆ ದಿನ ಮಾಡಿ ನೋಡಿ.

ಆಯಿಲ್ ಲೆವೆಲ್ ಏರಿದೆ. ಇಂಜೆಕ್ಟರೇ ಕಾರಣವೇ?

ಪೆಟ್ರೋಲ್ ಕಾರಿನಲ್ಲಿ ವಾಸನೆಯೂ ಇದ್ದರೆ ಬಹುಮಟ್ಟಿಗೆ ಹೌದು. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಕೊಂಡು ರಿಂಗ್ ಸಂದಿನಿಂದ ಕೆಳಗಿಳಿಯುತ್ತದೆ. ಆಯಿಲ್ ನೀರಾಗಿ ಬೇರಿಂಗ್‌ಗಳಿಗೆ ರಕ್ಷಣೆ ಸಿಗುವುದಿಲ್ಲ. ದಿನಾ ಎರಡು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲೂ ಸ್ವಲ್ಪ ಮಟ್ಟಿಗೆ ಹೀಗಾಗುತ್ತದೆ, ಗಾಬರಿ ಬೀಳುವ ಮೊದಲು ನಿಮ್ಮ ಓಡಾಟ ನೆನಪಿಸಿಕೊಳ್ಳಿ. ಕೆಸರು ಕಾಫಿ ಬಣ್ಣ ಬಂದಿದ್ದರೆ ಅದು ಪೆಟ್ರೋಲ್ ಅಲ್ಲ, ಕೂಲೆಂಟ್.

ಬಿಎಸ್6 ಡೀಸೆಲ್ ಕಾರಿನವರಿಗೆ ಬೇರೆ ಉತ್ತರ. ಸೈಲೆನ್ಸರ್ ಸಾಲಿನಲ್ಲಿರುವ ಡಿಪಿಎಫ್ ಫಿಲ್ಟರಿನ ಮಸಿ ಸುಡಲು ಎಂಜಿನ್ ಆಗಾಗ ಬೇಕೆಂದೇ ತಡವಾಗಿ ಹೆಚ್ಚು ಡೀಸೆಲ್ ಸಿಂಪಡಿಸುತ್ತದೆ. ಊರೊಳಗಿನ ಟ್ರಾಫಿಕ್‌ನಲ್ಲಿ ಈ ಕೆಲಸ ಅರ್ಧಕ್ಕೆ ನಿಂತು ನಿಂತು ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಇಂಜೆಕ್ಟರ್ ಚೆನ್ನಾಗಿದ್ದರೂ ಲೆವೆಲ್ ಏರುತ್ತದೆ.

ಡೀಸೆಲ್ ಕಾರಿನಲ್ಲಿ ಲೀಕ್ ಪತ್ತೆ ಮಾಡುವುದು ಹೇಗೆ?

ಮೊದಲು ಎಚ್ಚರಿಕೆ. ಕಾಮನ್ ರೇಲ್ ಡೀಸೆಲ್‌ನಲ್ಲಿ ಒತ್ತಡ ಐಡ್ಲಿಂಗ್‌ನಲ್ಲೇ 250–300 ಬಾರ್, ಎಳೆಯುವಾಗ 1600 ಬಾರ್ ಮತ್ತು ಅದಕ್ಕೂ ಮೇಲೆ. ಓಡುತ್ತಿರುವ ಎಂಜಿನ್‌ನ ಹೈ ಪ್ರೆಶರ್ ಪೈಪ್‌ನ ನಟ್ ಸಡಿಲಿಸುವುದು, ಸೋರುವ ಜಾಗ ಬೆರಳಿನಿಂದ ತಡವುವುದು ಹಳೇ ಅಂಬಾಸಡರ್ ಕಾಲದ ಅಭ್ಯಾಸ, ಈಗ ಕೈ ಕಳೆದುಕೊಳ್ಳುವ ದಾರಿ. ಕಣ್ಣಿಗೆ ಕಾಣದ ಎಳೆ ಚರ್ಮ ತೂರಿ ಒಳಗೆ ಡೀಸೆಲ್ ತುಂಬುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ನೋವೂ ಹೆಚ್ಚಿರುವುದಿಲ್ಲ. ಹಾಗಾದರೆ ಒಂದು ಗಂಟೆಯನ್ನೂ ಕಾಯದೆ ಆಸ್ಪತ್ರೆಗೆ ಹೋಗಿ, ಒತ್ತಡದ ಡೀಸೆಲ್ ಒಳಹೊಕ್ಕಿದೆ ಎಂದೇ ಡಾಕ್ಟರಿಗೆ ಹೇಳಬೇಕು. ಸೋರಿಕೆ ಹುಡುಕಲು ರಟ್ಟಿನ ತುಂಡು ಬಳಸಿ.

ಡೀಸೆಲ್‌ನಲ್ಲಿ "ಲೀಕ್" ಎಂಬ ಮಾತಿಗೆ ಎರಡು ಅರ್ಥ. ಇಂಜೆಕ್ಟರ್ ಒಳಗಿನ ಕಂಟ್ರೋಲ್ ವಾಲ್ವ್ ಸವೆದು ಡೀಸೆಲ್ ರಿಟರ್ನ್ ಪೈಪ್‌ಗೆ ಹೆಚ್ಚು ಹರಿದುಹೋಗುವುದು ಒಂದು. ಮೇಸ್ತ್ರಿಗಳು ಇದನ್ನು ಬ್ಯಾಕ್ ಲೀಕ್ ಎನ್ನುತ್ತಾರೆ. ಸ್ಟಾರ್ಟ್ ಆಗಲು ರೇಲ್‌ನಲ್ಲಿ 200 ಬಾರ್ ಆಸುಪಾಸಿನ ಒತ್ತಡ ಬೇಕು. ಬ್ಯಾಕ್ ಲೀಕ್ ಇದ್ದರೆ ಸೆಲ್ಫ್‌ನ ವೇಗಕ್ಕೆ ಅಷ್ಟು ಏರುವುದೇ ಇಲ್ಲ. ಬಿಸಿಯಾದಾಗ ಡೀಸೆಲ್ ತೆಳುವಾಗಿ ತೊಂದರೆ ಇನ್ನೂ ಹೆಚ್ಚು.

ಇದರ ಪರೀಕ್ಷೆ ಅಗ್ಗದ್ದು, ಚಂದದ್ದು. ನಾಲ್ಕು ಇಂಜೆಕ್ಟರುಗಳ ರಿಟರ್ನ್ ಪೈಪ್ ಕಳಚಿ, ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ನಾಲ್ಕು ಒಂದೇ ಅಳತೆಯ ಬಾಟಲಿಗೆ ಬಿಟ್ಟು, ಎಂಜಿನ್ ಕೆಲವು ನಿಮಿಷ ಐಡ್ಲಿಂಗ್‌ನಲ್ಲಿ ಬಿಡುವುದು. ಮೂರು ಬಾಟಲಿಯಲ್ಲಿ ತಳ ಮುಚ್ಚುವಷ್ಟು, ನಾಲ್ಕನೆಯದರಲ್ಲಿ ಎರಡು ಮೂರು ಪಟ್ಟು ತುಂಬಿದ್ದರೆ ಅಪರಾಧಿ ಎದುರಿಗಿದ್ದಾನೆ. ಸ್ವಿಫ್ಟ್, ಡಿಜೈರ್, ರಿಟ್ಜ್, ಇಂಡಿಕಾ ವಿಸ್ಟಾಗಳಲ್ಲಿ ಬಂದ ಫಿಯಟ್ ಮೂಲದ 1.3 ಲೀಟರ್ ಡೀಸೆಲ್‌ನ ಮೇಲೆ ಇದನ್ನು ಮಾಡಿದ ಅನುಭವ ನಮ್ಮೂರ ಕಡೆ ಬೇಕಾದಷ್ಟು ಮೇಸ್ತ್ರಿಗಳಿಗಿದೆ. ಕಾಯಿಲ್ ಬದಲು ಪೀಜೋ ಹರಳಿನಿಂದ ತೆರೆಯುವ ಇಂಜೆಕ್ಟರ್ ಇರುವ ಕೆಲವು ಕಾರುಗಳಲ್ಲಿ ರಿಟರ್ನ್ ಲೈನಿನಲ್ಲೂ ಒತ್ತಡ ಉಳಿಯಬೇಕು, ಅವುಗಳಲ್ಲಿ ಹೀಗೆ ಕಳಚಿ ಓಡಿಸಬಾರದು.

ಎರಡನೇ ಅರ್ಥ ನಾಝಲ್ ತುದಿ ತೊಟ್ಟಿಕ್ಕುವುದು. ಹೊಗೆ, ಒಂದೇ ಸಿಲಿಂಡರಿನಿಂದ ಸುತ್ತಿಗೆಯ ಹೊಡೆತದಂಥ ಸದ್ದು. ಬಾಟಲಿ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ. ಸ್ಕ್ಯಾನರಿನಲ್ಲಿ ಸಿಲಿಂಡರ್‌ವಾರು ಕರೆಕ್ಷನ್ ಅಂಕಿ ನೋಡಿ, ಇಂಜೆಕ್ಟರ್ ಬಿಚ್ಚಿ ಪಂಪ್ ಶಾಪ್‌ನ ಟೆಸ್ಟ್ ಬೆಂಚಿಗೆ ಕೊಡಬೇಕು. ಇದನ್ನು ಮುಂದೂಡಿದರೆ ಪಿಸ್ಟನ್ ತಲೆ ಕರಗಿ ತೂತಾಗಬಹುದು. ಬೆಂಗಳೂರಿನ ಆಡುಗೋಡಿಯಲ್ಲಿ ಬೇರೂರಿದ ಮೈಕೋ ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾಗಿದ್ದರೂ, ಹಳೇ ಪಂಪ್ ಶಾಪ್‌ಗಳಲ್ಲಿ ಇಂದಿಗೂ "ಮೈಕೋ ನಾಝಲ್" ಎನ್ನುವುದು ಕಿವಿಗೆ ಬೀಳುತ್ತದೆ.

ಇಂಜೆಕ್ಟರ್ ಸುತ್ತ ಟಾರಿನಂಥ ಕಪ್ಪು ಗಟ್ಟಿ ಪದಾರ್ಥ ಕಟ್ಟಿಕೊಂಡಿದೆ. ಏನದು?

ಇಂಜೆಕ್ಟರಿನ ಬುಡದ ತಾಮ್ರದ ವಾಷರ್ ಕೈಕೊಟ್ಟಿದೆ. ಸೋರುತ್ತಿರುವುದು ಡೀಸೆಲ್ ಅಲ್ಲ, ಉರಿದ ಅನಿಲ. ವೇಗ ಹೆಚ್ಚಿಸಿದಂತೆ ಹೆಚ್ಚುವ ಚುಫ್ ಚುಫ್ ಸದ್ದು, ಎಸಿ ಹಾಕಿದಾಗ ಕಾರಿನೊಳಗೆ ಹೊಗೆ ವಾಸನೆ. ಈ ಹಂತದಲ್ಲೇ ಮಾಡಿಸಿದರೆ ಹೊಸ ವಾಷರ್, ಸೀಟು ಶುಚಿ ಮಾಡುವ ಕೆಲಸದಲ್ಲಿ ಮುಗಿಯುತ್ತದೆ. ಬಿಟ್ಟರೆ ಇಂಜೆಕ್ಟರ್ ಎಂಜಿನ್ನಿನ ಸಿಲಿಂಡರ್ ಹೆಡ್‌ನಲ್ಲೇ ಬೆಸುಗೆ ಹಾಕಿದಂತೆ ಅಂಟಿಕೊಂಡು, ಕೀಳಲು ಇಡೀ ದಿನ ಹಿಡಿಯುತ್ತದೆ. ಹಳೇ ವಾಷರ್ ಕಾಯಿಸಿ ಮತ್ತೆ ಹಾಕುವವರಿಗೆ ಬೇಡ ಎನ್ನಿ.

ಟರ್ಬೊ ಪೆಟ್ರೋಲ್ ಕಾರಿಗೂ ಇದೇ ಪರೀಕ್ಷೆಗಳೇ?

ನೇರವಾಗಿ ಸಿಲಿಂಡರಿಗೆ ಸಿಂಪಡಿಸುವ ಎಂಜಿನ್ ಆದರೆ, ಉದಾಹರಣೆಗೆ ಹ್ಯುಂಡೈ–ಕಿಯಾದ 1.0 ಟಿ-ಜಿಡಿಐ, ಸ್ಕೋಡಾ–ಫೋಕ್ಸ್‌ವ್ಯಾಗನ್‌ನ 1.0 ಟಿಎಸ್‌ಐ, ಟ್ರಿಮ್ ಮತ್ತು ಪ್ಲಗ್ ನೋಡುವುದು ಹಾಗೇ ಇರುತ್ತದೆ. ಆದರೆ ರೇಲ್ ಎತ್ತಿ ಹನಿ ನೋಡುವ ಪರೀಕ್ಷೆ ಮಾಡುವಂತಿಲ್ಲ, ಒತ್ತಡ ನೂರಾರು ಬಾರ್‌ವರೆಗೆ ಏರುತ್ತದೆ. ಸ್ಕ್ಯಾನರಿನಲ್ಲಿ ರೇಲ್ ಒತ್ತಡ ನೋಡಿ, ಎಂಡೋಸ್ಕೋಪ್ ಇಳಿಸಬೇಕು. ಒಮ್ಮೆ ಬಿಚ್ಚಿದರೆ ತುದಿಯ ಟೆಫ್ಲಾನ್ ಸೀಲ್ ಹೊಸದೇ ಬೇಕು, ಕೂರಿಸಲು ಬೇರೆಯೇ ಸಲಕರಣೆ ಬೇಕು. ಅದಿಲ್ಲದ ಗ್ಯಾರೇಜಿಗೆ ಕೊಡಬೇಡಿ.

ಸಿಎನ್‌ಜಿ ಕಾರು. ಪೆಟ್ರೋಲ್‌ಗೆ ತಿರುಗಿಸಿದಾಗ ಮಾತ್ರ ತೊಂದರೆ.

ತಿಂಗಳುಗಟ್ಟಲೆ ಗ್ಯಾಸಿನಲ್ಲೇ ಓಡಿಸಿದರೆ ಪೆಟ್ರೋಲ್ ಇಂಜೆಕ್ಟರುಗಳಲ್ಲಿ ನಿಂತ ಪೆಟ್ರೋಲ್ ಕಾದು ಕಾದು ಅಂಟಾಗುತ್ತದೆ, ಒರಿಂಗ್ ಗಟ್ಟಿಯಾಗುತ್ತದೆ. ದಿನಕ್ಕೆ ನಾಲ್ಕೈದು ಕಿಲೋಮೀಟರ್ ಪೆಟ್ರೋಲ್‌ನಲ್ಲಿ ಓಡಿಸುವುದು ಖರ್ಚಲ್ಲ.

ಇ20 ಪೆಟ್ರೋಲ್ ಬಂದ ಮೇಲೆ ಇಂಜೆಕ್ಟರ್ ಸೋರುವುದು ಹೆಚ್ಚಾಗಿದೆಯಂತೆ?

20% ಎಥನಾಲ್ ಬೆರೆಸಿದ ಇ20 ಮಾರಾಟಕ್ಕೆ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿಯಲ್ಲಿ. ಎಥನಾಲ್ ಕೆಲವು ಬಗೆಯ ರಬ್ಬರನ್ನು ಉಬ್ಬಿಸುತ್ತದೆ, ಹಳೇ ಟ್ಯಾಂಕಿನ ಕೊಳೆಯನ್ನು ಸಡಿಲಿಸುತ್ತದೆ, ನೀರನ್ನು ಹೀರುತ್ತದೆ. ಇ20ಗೆಂದು ತಯಾರಾಗದ ಹಳೇ ಕಾರಿನಲ್ಲಿ, ಆಗಲೇ ಹತ್ತು ಹದಿನೈದು ವರ್ಷ ಕಂಡ ಒರಿಂಗ್ ಇದ್ದರೆ, ಒಮ್ಮೆ ಹೊಸದು ಹಾಕಿಸುವುದು ಜಾಣತನ. ಎಲ್ಲ ಲೀಕ್‌ಗೂ ಎಥನಾಲ್ ಕಾರಣ ಎನ್ನುವುದನ್ನು ನಾನು ಒಪ್ಪುವುದಿಲ್ಲ. ನನ್ನ ಕಾರಿನ ಇಂಜೆಕ್ಟರ್ ಸೋರಿದ್ದು ಇ20 ಹೆಸರು ಕೇಳುವ ಮೊದಲೇ.

ಟ್ಯಾಂಕಿಗೆ ಸುರಿಯುವ ಕ್ಲೀನರ್ ಬಾಟಲಿಯಿಂದ ವಾಸಿಯಾಗುತ್ತದೆಯೇ?

ಸೀಟಿನ ಮೇಲೆ ಅಂಟು ಕೂತು ಸ್ವಲ್ಪವೇ ಜಿನುಗುತ್ತಿದ್ದರೆ ಆಗಬಹುದು. ಸವೆತಕ್ಕೆ, ಹರಿದ ಒರಿಂಗ್‌ಗೆ ಆಗುವುದಿಲ್ಲ. ಬಾಟಲಿಯ ಹಣಕ್ಕೆ ಇನ್ನಷ್ಟು ಸೇರಿಸಿ ಅಲ್ಟ್ರಾಸಾನಿಕ್ ಮೆಷೀನ್ ಇರುವಲ್ಲಿ ಬಿಚ್ಚಿ ಕೊಡಿ. ಅಲ್ಲಿ ಗಾಜಿನ ಕೊಳವೆಯಲ್ಲಿ ನಾಲ್ಕೂ ಇಂಜೆಕ್ಟರಿನ ಸ್ಪ್ರೇ, ಪ್ರಮಾಣ, ಹನಿ ಎಲ್ಲ ಪಕ್ಕಪಕ್ಕದಲ್ಲಿ ಕಾಣುತ್ತದೆ. ಕ್ಲೀನಿಂಗ್ ಮೊದಲು ಒಂದು ಸಲ, ಆಮೇಲೆ ಒಂದು ಸಲ, ಎರಡು ಪರೀಕ್ಷೆಯನ್ನೂ ನಿಂತು ನೋಡಿ. ಕ್ಲೀನ್ ಆದ ಮೇಲೂ ತೊಟ್ಟಿಕ್ಕಿದರೆ ಅದಕ್ಕೆ ಹೊಸದೇ ಗತಿ.

ಒಂದು ಹೋದರೆ ನಾಲ್ಕನ್ನೂ ಬದಲಿಸಬೇಕೇ?

ಪೆಟ್ರೋಲ್‌ನಲ್ಲಿ ಬೇಕಿಲ್ಲ. ಮೆಷೀನ್ ಮೇಲೆ ಉಳಿದ ಮೂರು ಸಮವಾಗಿದ್ದರೆ ಒಂದೇ ಸಾಕು, ಒರಿಂಗ್ ಮಾತ್ರ ನಾಲ್ಕಕ್ಕೂ ಹೊಸದು. ಡೀಸೆಲ್ ಕಾಮನ್ ರೇಲ್ ಇಂಜೆಕ್ಟರ್ ಬೆಲೆ ಸಾಮಾನ್ಯವಾಗಿ ಐದಂಕಿ, "ಸೆಟ್ಟೇ ಹಾಕಿಬಿಡೋಣ" ಎಂಬ ಮಾತಿಗೆ ತಲೆಯಾಡಿಸುವ ಮುನ್ನ ನಾಲ್ಕು ಬಾಟಲಿಯ ಫೋಟೊ ಕೇಳಿ. ಅನೇಕ ಡೀಸೆಲ್ ಇಂಜೆಕ್ಟರುಗಳ ಮೈಮೇಲೆ ಅದರದ್ದೇ ಆದ ಕೋಡ್ ಕೆತ್ತಿರುತ್ತದೆ. ಹೊಸದು ಹಾಕಿದ ಮೇಲೆ ಅದನ್ನು ಸ್ಕ್ಯಾನರಿನಿಂದ ಇಸಿಯುಗೆ ಬರೆಯಬೇಕು. ಬರೆಯದಿದ್ದರೆ ಹೊಸ ಇಂಜೆಕ್ಟರ್ ಹಾಕಿದರೂ ಎಂಜಿನ್ ನಡುಗುತ್ತದೆ, ಆಮೇಲೆ ಎಂಜಿನ್ ಕೂರುವ ಮೌಂಟಿಂಗ್ ಬದಲಿಸೋಣ ಎನ್ನುತ್ತಾರೆ.

ಒರಿಂಗ್ ಯಾವುದಾದರೂ ನಡೆಯುತ್ತದೆಯೇ?

ಪಂಪ್‌ಸೆಟ್ಟಿಗೆ ಹಾಕುವ ಮಾಮೂಲಿ ರಬ್ಬರ್ ಬೇಡ. ಇಂಧನ ತಡೆಯುವ ವೈಟಾನ್ ಬಗೆಯದು ಬೇಕು, ಅಳತೆಯೂ ಸರಿಯಿರಬೇಕು. ಬೆಂಗಳೂರಿನವರಾದರೆ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಹಳೆಯದನ್ನು ತೋರಿಸಿ ಕೇಳಿ. ಕೂರಿಸುವಾಗ ಎಂಜಿನ್ ಆಯಿಲ್ ಒಂದು ತೊಟ್ಟು ಸವರಿ, ನೇರವಾಗಿ ಒತ್ತಬೇಕು. ಓರೆಯಾಗಿ ತಿರುಚಿದರೆ ಹೊಸ ಒರಿಂಗ್ ಅಲ್ಲೇ ಕತ್ತರಿಸಿಹೋಗುತ್ತದೆ.

ಸಂಬಳದವರೆಗೆ ಹೀಗೇ ಓಡಿಸಬಹುದೇ?

ಹೊರಗೆ ಸೋರುತ್ತಿದ್ದರೆ ಒಂದು ಕಿಲೋಮೀಟರ್ ಕೂಡ ಬೇಡ, ಟೋ ಮಾಡಿಸಿ. ಒಳಗೆ ಅಲ್ಪ ಸೋರಿಕೆಯಾದರೆ ಕೆಲವು ದಿನ ನಡೆದೀತು, ಆದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿಯದ ಪೆಟ್ರೋಲ್ ಉರಿದು ಅದು ಕರಗಿದರೆ ಇಂಜೆಕ್ಟರಿನ ಹಲವು ಪಟ್ಟು ದಂಡ. ಸೆಲ್ಫ್ ಹೊಡೆದಾಗ ಎಂಜಿನ್ ಠಕ್ಕೆಂದು ಕಲ್ಲಿಗೆ ತಾಗಿದಂತೆ ನಿಂತರೆ ಮತ್ತೆ ಹೊಡೆಯಬೇಡಿ. ಸಿಲಿಂಡರಿನಲ್ಲಿ ಪೆಟ್ರೋಲ್ ತುಂಬಿರಬಹುದು. ದ್ರವವನ್ನು ಪಿಸ್ಟನ್ ಒತ್ತಲಾರದು, ಬಾಗುವುದು ಕನೆಕ್ಟಿಂಗ್ ರಾಡ್.

ರಿಪೇರಿ ಆಯಿತು. ನಿಜವಾಗಿ ಸರಿಯಾಗಿದೆ ಎಂದು ತಿಳಿಯುವುದು ಹೇಗೆ?

ಆಯಿಲ್ ಮತ್ತು ಫಿಲ್ಟರ್ ಬದಲಿಸಿದ್ದಾರೆಯೇ ಕೇಳಿ. ಪೆಟ್ರೋಲ್ ಬೆರೆತ ಆಯಿಲ್ ಹಾಗೇ ಬಿಟ್ಟು ಕೊಡುವವರೇ ಹೆಚ್ಚು. ಹಳೇ ಟ್ರಿಮ್ ನೆನಪು ಅಳಿಸಿ, ನೂರು ಕಿಲೋಮೀಟರ್ ಓಡಿದ ಮೇಲೆ ಐಡ್ಲಿಂಗ್‌ನಲ್ಲಿ ಲಾಂಗ್ ಟರ್ಮ್ ಟ್ರಿಮ್ ನೋಡಿ. ಬಿಚ್ಚಿದ ಹಳೇ ಇಂಜೆಕ್ಟರನ್ನು ಕೇಳಿ ಮನೆಗೆ ತನ್ನಿ. ಆಮೇಲೆ ಒಂದು ಮಧ್ಯಾಹ್ನ ಅರ್ಧ ಗಂಟೆ ಓಡಿಸಿ, ಹೋಟೆಲ್ ಮುಂದೆ ನಿಲ್ಲಿಸಿ, ಕಾಫಿ ಕುಡಿದು, ಬೇಕೆಂದೇ ಇಪ್ಪತ್ತು ನಿಮಿಷ ಕೂತು, ಬಂದು ಸೆಲ್ಫ್ ಹೊಡೆಯಿರಿ.